ಆನ್‌ಲೈನ್ ಕೈತೋಟದ ಕಿಟ್: ಚೀಲ ಚೆನ್ನ, ಬೀಜ ಸಾಧಾರಣ, ಪಂಚಾಂಗ ನಮ್ಮದಲ್ಲ

ಕೊಡಗಿನಲ್ಲಿ ಮಾಘ ಮಾಸದ ಹೊತ್ತಿಗೆ ತರಕಾರಿ ಬಿತ್ತಲು ಹೊರಡುವವರ ಕೈಯಲ್ಲಿರುವುದು ಜೂನ್ ಮೊದಲ ವಾರದವರೆಗಿನ ಅವಧಿ ಮಾತ್ರ. ನೈಋತ್ಯ ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1 ಆಗಿದ್ದು, ಅಲ್ಲಿಂದ ಘಟ್ಟ ಹತ್ತಿ ನಮ್ಮ ಅಂಗಳಕ್ಕೆ ಬರಲು ಅದಕ್ಕೆ ಬಹಳ ದಿನ ಹಿಡಿಯುವುದಿಲ್ಲ. ಫೆಬ್ರವರಿ ನಡುವಿನಿಂದ ಲೆಕ್ಕ ಹಾಕಿದರೆ ಸಿಗುವುದು ಸುಮಾರು 110 ದಿನ. ಅಷ್ಟರೊಳಗೆ ಮೊಳೆತು, ಬೆಳೆದು, ಕಾಯಿ ಬಿಟ್ಟು ಅಡುಗೆಮನೆ ಸೇರಿದ್ದು ನಮ್ಮದು. ಉಳಿದದ್ದು ಮಳೆಯ ಪಾಲು. ಆದ್ದರಿಂದ ಕೈತೋಟಕ್ಕೆಂದು ಮಾರಾಟವಾಗುವ ಯಾವುದೇ ಸಾಮಗ್ರಿಯ ಯೋಗ್ಯತೆಯನ್ನು ಇಲ್ಲಿ ನಿರ್ಧರಿಸಬೇಕಾದದ್ದು ಅದರ ಪೆಟ್ಟಿಗೆಯ ಅಂದದಿಂದಲ್ಲ, ಈ ಅವಧಿಯೊಳಗೆ ಅದು ಏನನ್ನು ಬೆಳೆದು ಕೊಡುತ್ತದೆ ಎಂಬುದರಿಂದ. ಈ ವರ್ಷ ನಾನು ತರಿಸಿಕೊಂಡ ಸಿದ್ಧ ಕೈತೋಟದ ಕಿಟ್ ಒಂದನ್ನು ಇದೇ ದೃಷ್ಟಿಯಿಂದ ಪರಿಶೀಲಿಸಿದ್ದೇನೆ.

ಕಿಟ್ ಮಾರುವ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಚ್ಚುಕಡಿಮೆ ಇದೇ ಸಾಮಗ್ರಿಯನ್ನು ಬೇರೆ ಬೇರೆ ಹೆಸರಿನ ಪೆಟ್ಟಿಗೆಗಳಲ್ಲಿ ಹಲವರು ಮಾರುತ್ತಿರುವುದರಿಂದ, ಒಂದರ ಗುಣದೋಷ ತಿಳಿದರೆ ಉಳಿದವನ್ನು ಕೊಳ್ಳುವಾಗ ಏನು ಕೇಳಬೇಕೆಂಬುದೂ ತಿಳಿಯುತ್ತದೆ. ಬೆಲೆ ಎರಡೂವರೆ ಸಾವಿರ ರೂಪಾಯಿಯ ಆಸುಪಾಸು. ಪೆಟ್ಟಿಗೆಯಲ್ಲಿ ಇದ್ದದ್ದು ಹನ್ನೆರಡು ಅಂಗುಲ ಅಗಲ, ಹನ್ನೆರಡು ಅಂಗುಲ ಎತ್ತರದ ಹತ್ತು ಗ್ರೋ ಬ್ಯಾಗುಗಳು (ಗಿಡ ಬೆಳೆಸುವ ಚೀಲಗಳು), ಐದು ಕಿಲೋ ತೂಕದ ಒಂದು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ, ಹತ್ತು ಕಿಲೋ ಎರೆಹುಳು ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ, ಬೇವಿನೆಣ್ಣೆಯ ಸಣ್ಣ ಶೀಶೆ, ಹದಿನೈದು ಬಗೆಯ ಬೀಜದ ಪೊಟ್ಟಣಗಳು, ಒಂದು ಕೈಗುದ್ದಲಿ, ನೀರು ಸಿಂಪಡಿಸುವ ಒಂದು ಬಾಟಲಿ ಮತ್ತು ಬಣ್ಣದ ಚಿತ್ರಗಳಿರುವ ಒಂದು ಕಿರುಪುಸ್ತಿಕೆ. ಇದರ ಜೊತೆಗೆ ಆರು ತಿಂಗಳ ವಾಟ್ಸಾಪ್ ಸಲಹೆಯೂ ಬೆಲೆಯಲ್ಲೇ ಸೇರಿದೆ. ನಮ್ಮ ಮನೆ ಮಡಿಕೇರಿಗೂ ಸುಂಟಿಕೊಪ್ಪಕ್ಕೂ ನಡುವೆ, ಮುಖ್ಯರಸ್ತೆಯಿಂದ ಒಳಗಿರುವುದರಿಂದ ಪಾರ್ಸೆಲನ್ನು ಮಡಿಕೇರಿಗೆ ಹೋಗಿ ತರಬೇಕಾಯಿತು. ಒಳಗಿನ ತೋಟದ ಮನೆಗಳವರು ಈ ಓಡಾಟವನ್ನೂ ಬೆಲೆಗೆ ಸೇರಿಸಿಕೊಳ್ಳುವುದು ಒಳ್ಳೆಯದು.

ಮೊದಲು ಚೀಲಗಳ ಬಗ್ಗೆ ಹೇಳಬೇಕು, ಏಕೆಂದರೆ ಇಡೀ ಕಿಟ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚಬಹುದಾದ ವಸ್ತು ಅದೇ. ನೇಯ್ದ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆಯ, 260 ಜಿಎಸ್‌ಎಂ (ಚದರ ಮೀಟರಿಗೆ 260 ಗ್ರಾಂ ತೂಗುವ) ದಪ್ಪದ ಈ ಚೀಲಗಳಿಗೆ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಾಳಿಕೊಳ್ಳುವ ಲೇಪವಿದೆ ಎಂದು ಹೇಳಲಾಗಿದೆ. ತಳದ ಸುತ್ತಿನ ಹೊಲಿಗೆ ಜೋಡಿ ಎಳೆಯದು. ತುಂಬಿದ ಚೀಲವನ್ನು ಇಬ್ಬರು ಎರಡೂ ಕಡೆಯ ಹಿಡಿಕೆ ಹಿಡಿದು ಎತ್ತಿದರೂ ಹೊಲಿಗೆ ಬಾಯಿ ಬಿಡಲಿಲ್ಲ. ನೀರು ಬಸಿಯುವ ತೂತುಗಳಿಗೆ ಲೋಹದ ಉಂಗುರ ಹಾಕಿರುವುದರಿಂದ ನಾರು ಬಿಚ್ಚಿಕೊಳ್ಳುವ ಭಯವಿಲ್ಲ. ಆದರೆ ಆ ತೂತುಗಳಿರುವುದು ಪಕ್ಕದಲ್ಲಿ, ತಳದಿಂದ ಒಂದು ಅಂಗುಲ ಮೇಲೆ. ಬಯಲುಸೀಮೆಯ ತಾರಸಿಯಲ್ಲಿ ಇದೊಂದು ಅನುಕೂಲ. ತಳದಲ್ಲಿ ಸ್ವಲ್ಪ ನೀರು ಉಳಿದು ಗಿಡಕ್ಕೆ ಒದಗುತ್ತದೆ. ನಮ್ಮಲ್ಲಿ ಏಪ್ರಿಲ್‌ನ ಒಂದು ಒಳ್ಳೆಯ ಮಳೆ ಬಂದರೆ ಅದೇ ನೀರು ಬೇರನ್ನು ಕೊಳೆಸುತ್ತದೆ. ತಳದಲ್ಲಿಯೂ ನಾಲ್ಕು ತೂತು ಮಾಡಿ, ಚೀಲವನ್ನು ಎರಡು ಇಟ್ಟಿಗೆಗಳ ಮೇಲೆ ಇರಿಸಿದರೆ ಈ ಕೊರತೆ ನೀಗುತ್ತದೆ.

ಚೀಲ ತುಂಬಲು ಕುಳಿತಾಗ ಕಿಟ್‌ನ ಲೆಕ್ಕಾಚಾರದ ಹುಳುಕು ಹೊರಬೀಳುತ್ತದೆ. ಈ ಅಳತೆಯ ಒಂದು ಚೀಲದ ಒಟ್ಟು ಗಾತ್ರ ಸುಮಾರು 22 ಲೀಟರ್. ಮೇಲೆ ಎರಡು ಅಂಗುಲ ಬಿಟ್ಟು ತುಂಬಿದರೂ 18 ಲೀಟರಿಗಿಂತ ಹೆಚ್ಚು ಮಿಶ್ರಣ ಬೇಕು. ಹತ್ತು ಚೀಲಗಳಿಗೆ 180 ಲೀಟರ್ ದಾಟುತ್ತದೆ. ಐದು ಕಿಲೋ ಕೋಕೋಪೀಟ್ ಇಟ್ಟಿಗೆ ನೀರು ಕುಡಿದು ಅರಳಿದರೆ ಆಗುವುದು 70ರಿಂದ 75 ಲೀಟರ್. ಹತ್ತು ಕಿಲೋ ಎರೆಹುಳು ಗೊಬ್ಬರದಿಂದ ಬರುವುದು ಸುಮಾರು 15 ಲೀಟರ್. ಎರಡನ್ನೂ ಕೂಡಿಸಿದರೆ ಹತ್ತರಲ್ಲಿ ಐದು ಚೀಲ ತುಂಬುತ್ತದೆ. ‘ತೆರೆದು ಬಿತ್ತಿದರೆ ಸಾಕು’ ಎಂಬ ಅರ್ಥ ಬರುವಂತೆ ಜಾಹೀರಾತು ಕೊಟ್ಟು ಅರ್ಧ ಚೀಲಗಳನ್ನು ಖಾಲಿ ಬಿಡುವುದು ನ್ಯಾಯವಲ್ಲ. ಫ್ಲ್ಯಾಟ್‌ನಲ್ಲಿರುವವರು ಉಳಿದ ಅರ್ಧಕ್ಕೆ ಮತ್ತೆ ಅದೇ ಸಂಸ್ಥೆಯ ಮಿಶ್ರಣವನ್ನು ಕೊಳ್ಳುತ್ತಾರೆ ಎಂಬ ಎಣಿಕೆ ಇದರ ಹಿಂದೆ ಇದ್ದರೂ ಇರಬಹುದು. ಮಣ್ಣಿಗೂ ಗೊಬ್ಬರಕ್ಕೂ ಬರವಿಲ್ಲದ ಕೊಡಗಿನ ಮನೆಗಳಲ್ಲಿ ಆ ತೊಂದರೆಯಿಲ್ಲ. ಮೂರರಲ್ಲಿ ಒಂದು ಪಾಲು ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಳಿತ ಕಾಫಿ ಸಿಪ್ಪೆಯ ಗೊಬ್ಬರ ಬೆರೆಸಿದರೆ ಹತ್ತೂ ಚೀಲ ತುಂಬಿ ಇನ್ನೂ ಉಳಿಯುತ್ತದೆ, ಮತ್ತು ಆ ಮಿಶ್ರಣ ಕೇವಲ ಕೋಕೋಪೀಟ್‌ಗಿಂತ ಹೆಚ್ಚು ಕಾಲ ಗಿಡವನ್ನು ಪೋಷಿಸುತ್ತದೆ. ಕೋಕೋಪೀಟ್ ನೀರನ್ನು ಹಿಡಿದಿಡುತ್ತದೆಯೇ ಹೊರತು ಅದರಲ್ಲಿ ಗಿಡಕ್ಕೆ ಬೇಕಾದ ಸಾರ ಹೆಚ್ಚೇನೂ ಇಲ್ಲ. ಜೊತೆಗೆ ಅದರಲ್ಲಿ ಉಪ್ಪಿನ ಅಂಶ ಉಳಿದಿರುವ ಸಾಧ್ಯತೆ ಇರುವುದರಿಂದ ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ ತೆಗೆಯಬೇಕು. ಮೊದಲ ನೀರು ಗಟ್ಟಿ ಕಷಾಯದ ಬಣ್ಣಕ್ಕೆ ಬಂತು. ಪುಸ್ತಿಕೆಯಲ್ಲಿ ತೊಳೆಯುವ ವಿಚಾರವೇ ಇಲ್ಲ.

ಮಣ್ಣು ನಮ್ಮದೇ ಆದರೆ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವ ಮಡಿಕೇರಿ ಸುತ್ತಿನ ಮಣ್ಣಿನಿಂದ ಸುಣ್ಣದ ಅಂಶವೆಲ್ಲ ಕೊಚ್ಚಿಹೋಗಿ ಅದು ಹುಳಿಯಾಗಿರುತ್ತದೆ. ಕಾಫಿ ಬೆಳೆಗಾರರು ತೋಟಕ್ಕೆ ಕಾಲಕಾಲಕ್ಕೆ ಸುಣ್ಣ ಹಾಕುವುದು ಇದೇ ಕಾರಣಕ್ಕೆ. ಕಾಫಿಗಿಂತಲೂ ತರಕಾರಿಗೆ ಹುಳಿ ಮಣ್ಣು ಆಗದು. ಹೆಕ್ಟೇರಿಗೆ ಒಂದು ಟನ್ ಎಂಬ ತೋಟದ ಲೆಕ್ಕವನ್ನು ಕೈತೋಟಕ್ಕೆ ಇಳಿಸಿದರೆ ಚದರ ಮೀಟರಿಗೆ 100 ಗ್ರಾಂ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಆಗುತ್ತದೆ. ಒಂದು ಚೀಲದ ಮಣ್ಣಿಗೆ ಒಂದು ದೊಡ್ಡ ಚಮಚ ಸಾಕು. ಇದನ್ನು ಬಿತ್ತುವುದಕ್ಕೆ ಎರಡು ಮೂರು ವಾರ ಮೊದಲೇ ಬೆರೆಸಬೇಕು ಮತ್ತು ಸಗಣಿ ಗೊಬ್ಬರದ ಜೊತೆಗೆ ಒಟ್ಟಿಗೆ ಹಾಕಬಾರದು. ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಮಣ್ಣಿನ ರಸಸಾರ (ಹುಳಿಯ ಮಟ್ಟ) ಖಚಿತವಾಗಿ ತಿಳಿಯಬೇಕೆಂದಿರುವವರು ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಕಾಫಿ ಬೆಳೆಗಾರರಾದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವೂ ಇದೆ. ಎರಡನೆಯ ಎಚ್ಚರಿಕೆ, ಶುಂಠಿ ಬೆಳೆದ ಗದ್ದೆಯ ಅಥವಾ ಪಾತಿಯ ಮಣ್ಣನ್ನು ಚೀಲಕ್ಕೆ ತರಬಾರದು. ಶುಂಠಿಯನ್ನೂ ಟೊಮೆಟೊ, ಬದನೆ, ಮೆಣಸಿನ ಗಿಡಗಳನ್ನೂ ಹಸಿರಾಗಿರುವಾಗಲೇ ಸೊರಗಿಸಿ ಕೊಲ್ಲುವ ದುಂಡಾಣುಗಳು (ಬ್ಯಾಕ್ಟೀರಿಯಾ) ಒಂದೇ ಬಳಗಕ್ಕೆ ಸೇರಿದವು, ಮತ್ತು ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ.

ಚೀಲವನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆಗೆ ಪುಸ್ತಿಕೆ ಒಂದೇ ಸಾಲಿನಲ್ಲಿ ‘ಆರು ಗಂಟೆ ಬಿಸಿಲು ಬೀಳುವ ಕಡೆ’ ಎಂದು ಉತ್ತರಿಸಿದೆ. ಕಾಫಿ ತೋಟದ ಮನೆಗಳಲ್ಲಿ ಆರು ಗಂಟೆ ಬಿಸಿಲು ಬೀಳುವ ಜಾಗವೆಂದರೆ ಕಣ. ಫೆಬ್ರವರಿಯಲ್ಲಿ ಕಣದ ತುಂಬ ರೊಬಸ್ಟಾ ಕಾಫಿ ಒಣಗುತ್ತಿರುತ್ತದೆ. ಉಳಿದ ಕಡೆಯೆಲ್ಲ ಸಿಲ್ವರ್ ಓಕ್ ಮತ್ತು ಹಲಸಿನ ನೆರಳು. ಕಣದ ಅಂಚಿನ ಮೋಟುಗೋಡೆಯ ಮೇಲೆ ಸಾಲಾಗಿ ಇಟ್ಟರೆ ಕಾಫಿಗೂ ಅಡ್ಡಿಯಾಗದು, ಕಾಲಿಗೂ ತಾಗದು. ಬೇಕೆಂದಾಗ ಸರಿಸಲೂ ಬರುತ್ತದೆ. ನೆಲದ ಪಾತಿಗಿಂತ ಚೀಲ ಮೇಲೆನಿಸುವುದು ಇಂಥ ಸಂದರ್ಭದಲ್ಲಿ.

ಇನ್ನು ಬೀಜ. ಹದಿನೈದು ಪೊಟ್ಟಣ ಎಂಬ ಸಂಖ್ಯೆ ನೋಡಲು ಉದಾರವಾಗಿದೆ, ಆದರೆ ಪೊಟ್ಟಣವನ್ನು ತಿರುಗಿಸಿ ನೋಡಿದರೆ ಹಿಂಬದಿ ಬಹುಮಟ್ಟಿಗೆ ಖಾಲಿ. ನಮ್ಮ ದೇಶದಲ್ಲಿ ಬೀಜಗಳ ಮಾರಾಟಕ್ಕೆ 1966ರಿಂದಲೇ ಕಾಯಿದೆಯಿದೆ. ಪೊಟ್ಟಣದ ಮೇಲೆ ಬೆಳೆಯ ಮತ್ತು ತಳಿಯ ಹೆಸರು, ಲಾಟ್ ಸಂಖ್ಯೆ, ಮೊಳಕೆಯ ಪ್ರಮಾಣ, ಶುದ್ಧತೆ, ಪರೀಕ್ಷೆಯ ದಿನಾಂಕ, ಎಲ್ಲಿಯವರೆಗೆ ಬಳಸಬಹುದು ಎಂಬ ವಿವರಗಳು ಇರಬೇಕು. ಕನಿಷ್ಠ ಮೊಳಕೆ ಬೆಂಡೆಗೆ ಶೇ 65, ಟೊಮೆಟೊ ಮತ್ತು ಬದನೆಗೆ ಶೇ 70, ಮೆಣಸಿನಕಾಯಿಗೆ ಶೇ 60 ಎಂದು ನಿಗದಿಯಾಗಿದೆ. ಈ ಕಿಟ್‌ನ ಪೊಟ್ಟಣಗಳಲ್ಲಿ ‘ಟೊಮೆಟೊ, ಹೈಬ್ರಿಡ್’, ‘ಬದನೆ, ಉದ್ದ’ ಎಂಬಷ್ಟೇ ಇದೆ. ತಳಿಯ ಹೆಸರಿಲ್ಲ, ದಿನಾಂಕವಿಲ್ಲ. ಹರಿವೆ, ಮೂಲಂಗಿ, ಬೀನ್ಸ್ ಚೆನ್ನಾಗಿ ಹುಟ್ಟಿದವು. ಬೆಂಡೆ ಅರ್ಧದಷ್ಟು ಹುಟ್ಟಿತು. ಫೆಬ್ರವರಿಯ ರಾತ್ರಿಯ ಚಳಿಯನ್ನು ಅದಕ್ಕೆ ಕಾರಣವೆನ್ನಲು ಆಗುವುದಿಲ್ಲ, ಏಕೆಂದರೆ ಅದೇ ದಿನ ಪಕ್ಕದಲ್ಲಿ ಹಾಕಿದ ಬೇರೆ ಕಡೆಯ ಬೆಂಡೆ ಬೀಜ, ಹಿಂದಿನ ರಾತ್ರಿ ನೆನೆಹಾಕಿದ್ದು, ಬಹುತೇಕ ಎಲ್ಲ ಮೊಳೆತಿತ್ತು. ಕ್ಯಾಪ್ಸಿಕಂ ಬೀಜದಲ್ಲಿ ಬಂದದ್ದು ಬೆರಳೆಣಿಕೆಯ ಸಸಿ. ಕೊಳ್ಳುವವರು ಬೀಜಗಳನ್ನು ನೇರವಾಗಿ ಮಣ್ಣಿಗೆ ಹಾಕುವ ಮೊದಲು ಪ್ರತಿ ಪೊಟ್ಟಣದಿಂದ ಹತ್ತು ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡುವುದು ಲೇಸು. ವಾರದೊಳಗೆ ಐದೂ ಮೊಳೆಯದ ಬೆಂಡೆ, ಬೀನ್ಸಿನ ಪೊಟ್ಟಣಕ್ಕೆ ಒಂದು ಚೀಲದ ಜಾಗ ಕೊಡುವ ಅಗತ್ಯವಿಲ್ಲ. ಮೆಣಸಿನಕಾಯಿ ಮತ್ತು ಕ್ಯಾಪ್ಸಿಕಂಗೆ ಇನ್ನೊಂದು ವಾರ ಕಾಯಬೇಕು.

ಬೀಜದ ಗುಣಮಟ್ಟಕ್ಕಿಂತಲೂ ದೊಡ್ಡ ಆಕ್ಷೇಪ ಅದರ ಆಯ್ಕೆಯ ಬಗ್ಗೆ. ಕೋಸು, ಹೂಕೋಸು, ಕ್ಯಾರೆಟ್, ಬಟಾಣಿ ಇವು ತಂಪಿನ ಬೆಳೆಗಳು. ಫೆಬ್ರವರಿಯಲ್ಲಿ ಇವನ್ನು ಬಿತ್ತಿದರೆ ಗಡ್ಡೆ ಕಟ್ಟುವ ಹೊತ್ತಿಗೆ ಏಪ್ರಿಲ್ ಸೆಕೆ ಬರುತ್ತದೆ. ತಡವಾದರೆ ಮಳೆಯೇ ಬರುತ್ತದೆ. ಇವನ್ನು ಮಳೆ ಕಳೆದು ಅಕ್ಟೋಬರ್‌ನಲ್ಲಿ ಹಾಕಬೇಕು, ಆದರೆ ದಿನಾಂಕವಿಲ್ಲದ ಪೊಟ್ಟಣವನ್ನು ಕೊಡಗಿನ ಮಳೆಗಾಲದ ತೇವದಲ್ಲಿ ಎಂಟು ತಿಂಗಳು ಇಟ್ಟುಕೊಂಡು ಅದು ಮೊಳೆಯುತ್ತದೆಂದು ನಂಬುವುದು ಕಷ್ಟ. ಹೀಗೆ ಹದಿನೈದರಲ್ಲಿ ನಾಲ್ಕು ಪೊಟ್ಟಣಗಳು ಮೊದಲ ದಿನವೇ ಲೆಕ್ಕದಿಂದ ಹೊರಗೆ. ಉಳಿದವುಗಳಲ್ಲಿ ಹರಿವೆ ಇಪ್ಪತ್ತೈದು ಮೂವತ್ತು ದಿನಕ್ಕೆ ಕೊಯ್ಲಿಗೆ ಬಂತು. ಮೂಲಂಗಿ ಅದರ ಹಿಂದೆಯೇ. ಪೊದೆ ಬೀನ್ಸ್, ಬೆಂಡೆ, ಸೌತೆ ಏಪ್ರಿಲ್ ಮೊದಲ ಭಾಗದಲ್ಲಿ ಕಾಯಿ ಕೊಟ್ಟವು. ಬೀನ್ಸಿನ ಫಸಲು ನಿಜಕ್ಕೂ ತೃಪ್ತಿಕರ. ಒಂದು ಚೀಲದಲ್ಲಿ ನಾಲ್ಕು ಗಿಡದಂತೆ ಎರಡು ಚೀಲ ಹಾಕಿದರೆ ವಾರಕ್ಕೆ ಎರಡು ಸಲ ನಾಲ್ಕು ಜನರ ಪಲ್ಯಕ್ಕೆ ಆಗುವಷ್ಟು ಎಳೆಕಾಯಿ ಸಿಕ್ಕಿತು, ಮತ್ತು ಶುಕ್ರವಾರದ ಮಡಿಕೇರಿ ಸಂತೆಯಿಂದ ತರುವ ಬೀನ್ಸಿನಲ್ಲಿ ಕಾಣುವ ನಾರು ಇದರಲ್ಲಿ ಇರಲಿಲ್ಲ.

ಟೊಮೆಟೊ ವಿಚಾರವನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಕೈತೋಟ ಎಂದಾಗ ಎಲ್ಲರೂ ಮೊದಲು ಹಾಕುವುದು ಅದನ್ನೇ. ಕಿಟ್‌ನ ಹೆಸರಿಲ್ಲದ ಹೈಬ್ರಿಡ್ ಗಿಡಗಳು ಸೊಂಪಾಗಿ ಎದ್ದವು, ಹೂವೂ ಬಿಟ್ಟವು. ಮೊದಲ ಮಳೆ ಬಿದ್ದು ಬಿಸಿಲು ಕಾದ ನಂತರದ ದಿನಗಳಲ್ಲಿ, ಎಲೆ ಹಳದಿಯಾಗದೆ ಹಸಿರಾಗಿಯೇ ಇದ್ದಂತೆ, ಒಂದೊಂದು ಗಿಡವೂ ನಡುಹಗಲಿಗೆ ಜೋತುಬಿದ್ದು ಸಂಜೆಗೆ ಚೇತರಿಸಿಕೊಂಡು, ಮೂರನೆಯ ದಿನಕ್ಕೆ ಪೂರ್ತಿ ಬಾಡಿತು. ಇದು ನೀರಿನ ಕೊರತೆಯೋ ದುಂಡಾಣು ಸೊರಗು ರೋಗವೋ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ: ಬಾಡಿದ ಗಿಡದ ಬುಡದ ಕಾಂಡವನ್ನು ಬೆರಳುದ್ದ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಹಿಡಿಯಬೇಕು. ರೋಗವಿದ್ದರೆ ಕೆಲವೇ ನಿಮಿಷಗಳಲ್ಲಿ ಆ ತುದಿಯಿಂದ ಹಾಲಿನ ಬಣ್ಣದ ಎಳೆ ನೀರಿನಲ್ಲಿ ಕೆಳಗಿಳಿಯುವುದು ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಅದು ಸ್ಪಷ್ಟವಾಗಿ ಕಂಡಿತು. ಈ ರೋಗಕ್ಕೆ ಸಿಂಪಡಿಸಿ ಗುಣಪಡಿಸುವ ಔಷಧಿಯಿಲ್ಲ. ಗಿಡವನ್ನು ಮಣ್ಣುಸಹಿತ ತೆಗೆದು ದೂರ ಹಾಕಬೇಕು. ರೋಗ ಬರುವುದು ಹೆಚ್ಚಾಗಿ ಮಣ್ಣಿನಿಂದ ಮತ್ತು ನೀರಿನಿಂದ ಆದ್ದರಿಂದ ಬೀಜ ಮಾರಿದವರನ್ನು ಅದಕ್ಕೆ ಹೊಣೆ ಮಾಡುವುದು ಸರಿಯಲ್ಲ. ಆದರೆ ಹುಳಿ ಮಣ್ಣು, ಸೆಕೆ ಮತ್ತು ತೇವ ಮೂರೂ ಇರುವ ಜಿಲ್ಲೆಗೆ ಕಳಿಸುವ ಪೆಟ್ಟಿಗೆಯಲ್ಲಿ ನಿರೋಧಕ ಶಕ್ತಿಯ ತಳಿ ಇದೆಯೋ ಇಲ್ಲವೋ ಎಂದು ಗ್ರಾಹಕನಿಗೆ ತಿಳಿಯದಂತೆ ಮಾರುವುದು ಮಾತ್ರ ಅವರದೇ ಲೋಪ.

ಇಂಥ ತಳಿಗಳು ಇಲ್ಲದೆ ಏನಿಲ್ಲ. 1967ರಲ್ಲಿ ಆರಂಭವಾದ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿರುವ ಅರ್ಕಾ ರಕ್ಷಕ್ ಟೊಮೆಟೊ ಎಲೆ ಮುದುಡು ನಂಜು, ದುಂಡಾಣು ಸೊರಗು ಮತ್ತು ಎಲೆಚುಕ್ಕೆಯ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಹೈಬ್ರಿಡ್. ನಂತರ ಬಂದ ಅರ್ಕಾ ಅಭೇದ್ ತಡ ಅಂಗಮಾರಿಯನ್ನೂ ತಡೆಯುತ್ತದೆ. ಬದನೆಯಲ್ಲಿ ಅರ್ಕಾ ನಿಧಿ, ಅರ್ಕಾ ನೀಲಕಂಠ, ಅರ್ಕಾ ಆನಂದ್ ತಳಿಗಳು ಸೊರಗು ರೋಗಕ್ಕೆ ಜಗ್ಗುವುದಿಲ್ಲ. ಹರಿವೆಯಲ್ಲಿ ಪದೇ ಪದೇ ಕೊಯ್ಯಬಹುದಾದ ಅರ್ಕಾ ಸುಗುಣ, ಕೆಂಪು ಬೇಕೆನ್ನುವವರಿಗೆ ಅರ್ಕಾ ಅರುಣಿಮಾ. ಪೊದೆ ಬೀನ್ಸಿನಲ್ಲಿ ಅರ್ಕಾ ಕೋಮಲ್. ಬೆಂಡೆಯಲ್ಲಿ ಹಳದಿ ನಂಜು ರೋಗವನ್ನು ತಡೆಯಲೆಂದೇ ಬಂದ ಅರ್ಕಾ ಅನಾಮಿಕ. ಈ ಸಂಸ್ಥೆಯದೇ ಪ್ರಯೋಗ ಕೇಂದ್ರ ಚೆಟ್ಟಳ್ಳಿಯಲ್ಲಿಯೂ ಕೃಷಿ ವಿಜ್ಞಾನ ಕೇಂದ್ರ ಗೋಣಿಕೊಪ್ಪದಲ್ಲಿಯೂ ಇರುವಾಗ, ಯಾವ ಬೀಜ ದಾಸ್ತಾನಿದೆ ಎಂದು ವಿಚಾರಿಸಿಕೊಂಡು ಹೋಗಿ ತರುವುದು ಕೊಡಗಿನವರಿಗೆ ದೊಡ್ಡ ಕೆಲಸವಲ್ಲ. ನಾನು ಪಕ್ಕದಲ್ಲಿ ಹಾಕಿದ ಬೆಂಡೆಯೂ ಆ ಅರ್ಕಾ ಬೀಜವೇ. ಹೈಬ್ರಿಡ್ ತಳಿಯ ಹಣ್ಣಿನಿಂದ ಬೀಜ ತೆಗೆದು ಮುಂದಿನ ವರ್ಷಕ್ಕೆ ಇಟ್ಟರೆ ಗುಣ ಹಾಗೆಯೇ ಬರುವುದಿಲ್ಲ ಎಂಬುದನ್ನು ನೆನಪಿಡಬೇಕು. ಕೋಮಲ್, ಅನಾಮಿಕ, ಸುಗುಣ, ನೀಲಕಂಠಗಳಿಗೆ ಆ ತೊಡಕಿಲ್ಲ. ಅದೇ ಸಂಸ್ಥೆಯ ಲಘುಪೋಷಕಾಂಶಗಳ ಮಿಶ್ರಣ ಅರ್ಕಾ ವೆಜಿಟೆಬಲ್ ಸ್ಪೆಷಲ್ ಕೂಡ ಚೀಲದ ಗಿಡಗಳಿಗೆ ಉಪಯುಕ್ತ. ಹದಿನೈದು ಲೀಟರ್ ಸಿಂಪಡಣೆಗೆ ಎರಡು ನಿಂಬೆಹಣ್ಣಿನ ರಸ ಮತ್ತು ಒಂದು ಪೊಟ್ಟಣ ಶಾಂಪೂ ಬೆರೆಸಿ ಎನ್ನುವ ಅದರ ಸೂಚನೆ ಓದಿದಾಗ ನಗು ಬಂದರೂ, ದ್ರಾವಣ ಎಲೆಗೆ ಹತ್ತಿಕೊಳ್ಳಲು ಶಾಂಪೂ ಬೇಕೇ ಬೇಕು.

ಪುಸ್ತಿಕೆಯನ್ನು ಓದಿದರೆ ಈ ಕಿಟ್ ಯಾರಿಗಾಗಿ ತಯಾರಾಗಿದೆ ಎಂಬುದು ಖಚಿತವಾಗುತ್ತದೆ. ಮುದ್ರಣ ಅಚ್ಚುಕಟ್ಟಾಗಿದೆ, ಕನ್ನಡವೂ ತಪ್ಪಿಲ್ಲದೆ ಇದೆ. ಆದರೆ ಅದರ ಬಿತ್ತನೆಯ ಪಟ್ಟಿಯಲ್ಲಿ ಬೆಂಡೆ, ಟೊಮೆಟೊ, ಮೆಣಸಿನಕಾಯಿ, ಸೌತೆ ಎಲ್ಲಕ್ಕೂ ಉತ್ತಮ ಕಾಲ ಜೂನ್–ಜುಲೈ ಎಂದು ಬರೆದಿದೆ. ಬಯಲುಸೀಮೆಗೆ ಅದು ಸರಿಯೇ. ಭಾಗಮಂಡಲದ ಕಡೆಯವರು, ಮಡಿಕೇರಿಯವರು ಜುಲೈನಲ್ಲಿ ಟೊಮೆಟೊ ಸಸಿಯನ್ನು ಅಂಗಳಕ್ಕೆ ಇಳಿಸಿದರೆ ಅದು ನಿಂತಲ್ಲೇ ಕೊಳೆಯುತ್ತದೆ. ಮಡಿಕೇರಿಯ ಅರ್ಧಕ್ಕಿಂತಲೂ ಕಡಿಮೆ ಮಳೆ ಬೀಳುವ ಕುಶಾಲನಗರ, ಶಿರಂಗಾಲದ ಕಡೆಯವರು ಬೇಕಾದರೆ ಆ ಪಟ್ಟಿಯನ್ನು ಅನುಸರಿಸಬಹುದು. ಒಂದೇ ಜಿಲ್ಲೆಯ ಎರಡು ತುದಿಗಳಿಗೇ ಇಷ್ಟು ಅಂತರವಿರುವಾಗ ಇಡೀ ರಾಜ್ಯಕ್ಕೆ ಒಂದೇ ಪಟ್ಟಿ ಅಚ್ಚು ಹಾಕುವ ಬದಲು, ವಿಳಾಸದ ಪಿನ್‌ಕೋಡ್ ನೋಡಿ ಮಲೆನಾಡಿಗೆ ಬೇರೆ ಹಾಳೆ ಸೇರಿಸುವುದು ಸಂಸ್ಥೆಗೆ ಅಸಾಧ್ಯವೇನಲ್ಲ.

ವಾಟ್ಸಾಪ್ ಸಲಹೆಯ ವಿಚಾರದಲ್ಲಿ ಮಿಶ್ರ ಅಭಿಪ್ರಾಯವಿದೆ. ಪ್ರಶ್ನೆ ಕಳಿಸಿದರೆ ಒಂದು ದಿನದೊಳಗೆ ಉತ್ತರ ಬರುತ್ತದೆ, ಮಾತು ಸೌಜನ್ಯದ್ದು. ಬೀನ್ಸ್ ಎಲೆಯ ಹೇನಿನ ಚಿತ್ರ ಕಳಿಸಿದಾಗ, ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಕೆಲವು ಹನಿ ಸೋಪಿನ ನೀರು ಬೆರೆಸಿ ಸಂಜೆಯ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸುವಂತೆ ಹೇಳಿದರು, ಹೇನು ಹೋಯಿತು. ಟೊಮೆಟೊ ಬಾಡಿದ ಚಿತ್ರಕ್ಕೆ ಮಾತ್ರ ‘ಸರ್, ನೀರು ಕಡಿಮೆಯಾಗಿದೆ, ದಿನಕ್ಕೆ ಎರಡು ಸಲ ಕೊಡಿ’ ಎಂಬ ಉತ್ತರ ಬಂತು. ಸೊರಗು ರೋಗವಿರುವ ಚೀಲಕ್ಕೆ ಹೆಚ್ಚು ನೀರು ಕೊಟ್ಟರೆ ಅದು ಹರಿದು ಪಕ್ಕದ ಚೀಲಕ್ಕೂ ರೋಗ ಮುಟ್ಟಿಸುತ್ತದೆ. ಲೋಟದ ಪರೀಕ್ಷೆಯ ಚಿತ್ರ ಕಳಿಸಿದ ಮೇಲೆ ಅವರು ತಮ್ಮ ಸಲಹೆಯನ್ನು ಹಿಂತೆಗೆದುಕೊಂಡರು ಎಂಬುದನ್ನೂ ಹೇಳಬೇಕು.

ಉಪಕರಣಗಳ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ಕೈಗುದ್ದಲಿಯ ಕುತ್ತಿಗೆ ತೆಳುವಾದ ತಗಡಿನದು. ಸಡಿಲ ಮಿಶ್ರಣಕ್ಕೆ ಸಾಕು, ನಮ್ಮ ಕೆಂಪು ಜೇಡಿ ನೆಲವನ್ನು ಅಗೆಯಲು ಹೋದರೆ ಬಾಗುತ್ತದೆ. ಸಿಂಪಡಣೆಯ ಬಾಟಲಿ ಇಸ್ತ್ರಿ ಅಂಗಡಿಯ ಬಾಟಲಿಗಿಂತ ಉತ್ತಮವೇನಲ್ಲ. ಎರೆಹುಳು ಗೊಬ್ಬರ ಮಾತ್ರ ಒಳ್ಳೆಯದು: ಕಪ್ಪು, ಪುಡಿಪುಡಿ, ಮಣ್ಣಿನ ವಾಸನೆಯದು, ಮರಳು ಬೆರೆತಿರಲಿಲ್ಲ.

ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಚೀಲದ ಗಿಡಗಳಿಗೆ ನೀರು ದಿನವೂ ಬೇಕು. ನೆಲದ ಪಾತಿ ಎರಡು ಮೂರು ದಿನ ತಾಳಿಕೊಳ್ಳುತ್ತದೆ. ಬಾವಿಯ ನೀರು ಇಳಿಯುವ ಕಾಲದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಚೀಲದ ಮೇಲ್ಮೈಗೆ ಎರಡು ಅಂಗುಲ ತರಗೆಲೆ ಹೊದಿಸಿದರೆ ಬೇಡಿಕೆ ಎದ್ದುಕಾಣುವಷ್ಟು ಇಳಿಯುತ್ತದೆ, ಮತ್ತು ತರಗೆಲೆಗೆ ಕೊಡಗಿನಲ್ಲಿ ಹಣ ಕೊಡಬೇಕಿಲ್ಲ. ಕಾಫಿಯ ಹೂ ಅರಳಿಸುವ ಹೂಮಳೆ ಬಿದ್ದ ದಿನ ಮನೆಯವರೆಲ್ಲ ಸಂತೋಷಪಡುವಾಗ ಕೈತೋಟದವರು ಚೀಲದ ತೂತು ಕಟ್ಟಿದೆಯೇ ಎಂದು ನೋಡಿ ಬರುವುದು ವಾಸಿ. ಅದರ ಹಿಂದೆಯೇ ಬರುವ ಆಲಿಕಲ್ಲು ಮಳೆಗೆ ಸೌತೆಯ ಎಲೆ ಜರಡಿಯಾಗುತ್ತದೆ. ಸಿಡಿಲು ಮೋಡ ಕಂಡೊಡನೆ ಚೀಲಗಳನ್ನು ಸೂರಿನಡಿ ಎಳೆಯಲು ಸಾಧ್ಯವಾದದ್ದು ಹಿಡಿಕೆಗಳ ಪುಣ್ಯ. ಮಂಗಗಳಿಗೆ ಕಿಟ್‌ನಲ್ಲಿ ಉಪಾಯವಿಲ್ಲ, ಯಾವ ಕಿಟ್‌ನಲ್ಲಿಯೂ ಇರಲಾರದು. ಬಲೆಯ ಖರ್ಚನ್ನು ಬೇರೆಯೇ ಇಟ್ಟುಕೊಳ್ಳಬೇಕು. ಶನಿವಾರಸಂತೆ, ಸೋಮವಾರಪೇಟೆ ಕಡೆ ಕಾಫಿ ತೋಟಗಳಿಗೂ ನುಗ್ಗಿರುವ ಆಫ್ರಿಕನ್ ಬಸವನಹುಳು ಇರುವ ಊರಿನವರು ಮೊದಲ ಮಳೆಯ ರಾತ್ರಿಯೇ ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ ಇಟ್ಟು, ಬೆಳಗ್ಗೆ ಅಲ್ಲಿ ಸೇರಿದ ಹುಳುಗಳನ್ನು ಉಪ್ಪುನೀರಿಗೆ ಹಾಕಬೇಕು.

ನಮ್ಮ ಅತ್ತೆಯವರು ಕಿಟ್‌ನ ಕಡೆ ಒಮ್ಮೆ ನೋಡಿ, ಹಿತ್ತಿಲಿನಲ್ಲಿ ತಮ್ಮ ಪಾಡಿಗೆ ಸೌತೆ, ಕುಂಬಳದ ಗುಣಿ ತೋಡಿದರು. ಬೂದಿ ಬೆರೆಸಿ ಕಟ್ಟಿಟ್ಟ ಹಳೆಯ ಬೀಜ, ಗುಣಿಗೆ ಎರಡು ಬುಟ್ಟಿ ಗೊಬ್ಬರ, ಹಬ್ಬಲು ಒಣ ಕೊಂಬೆಗಳ ಚಪ್ಪರ. ಸೌತೆಯಲ್ಲಿ ನೆಲವೇ ಗೆದ್ದಿತು. ಹನ್ನೆರಡು ಅಂಗುಲದ ಚೀಲ ಬಳ್ಳಿಯ ಬೇರಿಗೆ ಸಾಲುವುದಿಲ್ಲ, ನೀರು ಸ್ವಲ್ಪ ತಪ್ಪಿದರೂ ಕಾಯಿ ಕಹಿಯಾಗುತ್ತದೆ. ಸೊಪ್ಪು, ಬೀನ್ಸ್, ಮೆಣಸಿನಕಾಯಿಗಳಲ್ಲಿ ಚೀಲ ಹಿಂದೆ ಬೀಳಲಿಲ್ಲ. ಅಂದಮೇಲೆ ಕಿಟ್‌ನ ಬಳ್ಳಿ ತರಕಾರಿಯ ಬೀಜಗಳನ್ನು ನೆಲಕ್ಕೆ ಹಾಕಿ ಚೀಲಗಳನ್ನು ಗಿಡ್ಡ ಗಿಡಗಳಿಗೆ ಉಳಿಸಿಕೊಳ್ಳುವುದೇ ಸೂಕ್ತ. ಮಳೆಗಾಲವನ್ನೂ ದಾಟಿ ಬದುಕುವ ಬಸಳೆ, ಚಕ್ರಮುನಿ, ಕೆಸ, ಸೀಮೆಬದನೆ ಇವು ಯಾವುವೂ ಪೆಟ್ಟಿಗೆಯಲ್ಲಿ ಇಲ್ಲ. ಬಸಳೆ ಬಿಟ್ಟರೆ ಉಳಿದವು ಬೀಜದ ಪೊಟ್ಟಣದಲ್ಲಿ ಸಾಮಾನ್ಯವಾಗಿ ಮಾರಲು ಬರುವುದೂ ಇಲ್ಲ. ನೆರೆಮನೆಯಿಂದ ಒಂದು ತುಂಡು, ಒಂದು ಗಡ್ಡೆ ಬೇಡಿ ತಂದರೆ ಆಯಿತು.

ರಾಜಾಸೀಟಿನ ಫಲಪುಷ್ಪ ಪ್ರದರ್ಶನ ನೋಡಿ ಬಂದ ಉತ್ಸಾಹದಲ್ಲಿ ಇಂಥ ಕಿಟ್ ತರಿಸಲು ಹೊರಡುವವರಿಗೆ ನನ್ನ ಸಲಹೆ ಹೀಗಿದೆ. ಮಡಿಕೇರಿ, ವಿರಾಜಪೇಟೆ ಪಟ್ಟಣದ ಬಾಡಿಗೆ ಮನೆಯಲ್ಲಿದ್ದು, ಮಣ್ಣು ಗೊಬ್ಬರ ಹೊಂದಿಸುವ ದಾರಿಯಿಲ್ಲದವರಿಗೆ ಈ ಪೆಟ್ಟಿಗೆ ಪ್ರಯೋಜನಕಾರಿ. ಹತ್ತು ಚೀಲದ ಬದಲು ಐದೇ ತುಂಬುತ್ತದೆಂದು ತಿಳಿದು ಕೊಂಡರೆ ಸರಿ. ಅಂಗಳ, ಹಿತ್ತಿಲು, ಕೊಟ್ಟಿಗೆ ಇರುವವರು ಪೂರ್ತಿ ಕಿಟ್‌ಗೆ ಹಣ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ಇದೇ ಸಂಸ್ಥೆ ಅದೇ ಚೀಲಗಳನ್ನು ಬಿಡಿಯಾಗಿಯೂ ಮಾರುತ್ತದೆ. ಕಿಟ್‌ನ ಬೆಲೆಯ ಅರ್ಧಕ್ಕಿಂತ ಕಡಿಮೆ ಹಣದಲ್ಲಿ ಹತ್ತು ಚೀಲ ಬರುತ್ತವೆ. ಕಿಟ್ಟೇ ಬೇಕೆನ್ನುವವರು ಹಣ ಕಟ್ಟುವ ಮೊದಲು ತಳಿಯ ಹೆಸರು, ಬೀಜ ಪರೀಕ್ಷೆಯ ದಿನಾಂಕ ಮತ್ತು ಕೋಸು–ಕ್ಯಾರೆಟ್ಟಿನ ಬದಲು ಹರಿವೆ–ಬೀನ್ಸ್ ಪೊಟ್ಟಣಗಳನ್ನು ಹೆಚ್ಚುವರಿಯಾಗಿ ಕೊಡುತ್ತಾರೆಯೇ ಎಂಬುದನ್ನು ವಾಟ್ಸಾಪ್‌ನಲ್ಲಿ ಬರೆದು ಕೇಳಿ, ಉತ್ತರವನ್ನು ಉಳಿಸಿಕೊಳ್ಳಬೇಕು. ಬದಲಾಯಿಸಿ ಕೊಡಲು ಅವರು ಒಪ್ಪುತ್ತಾರೆಂಬುದು ನಾನು ಆಮೇಲೆ ವಿಚಾರಿಸಿದಾಗ ತಿಳಿದ ಸಂಗತಿ. ಜನವರಿ ಕೊನೆಯೊಳಗೆ ಪೆಟ್ಟಿಗೆ ಮನೆಯಲ್ಲಿರುವಂತೆ ನೋಡಿಕೊಂಡರೆ ಮಣ್ಣಿಗೆ ಸುಣ್ಣ ಬೆರೆಸಿ ಕಾಯುವುದಕ್ಕೂ ಸಮಯ ಸಿಗುತ್ತದೆ.